ಪೇಟೆಯಲ್ಲಿ ಟೂಲ್ ಸಿಗುವಾಗ ಕಂಪನಿಗಳು ತಮ್ಮದೇ ಯಾಕೆ ಮಾಡಿಕೊಳ್ಳುತ್ತವೆ?

ಪ್ರಶ್ನೆ: ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿ ಎಂಟು ತಿಂಗಳಾಯಿತು. ಕಾಲೇಜಿನಲ್ಲಿ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್, ಬಿಲ್ಡ್ ಕೆಲಸ ತಾನಾಗಿ ಮಾಡಿಸುವ ಜೆಂಕಿನ್ಸ್, ಕೆಲಸದ ಟಿಕೆಟ್ ಹಾಕುವ ಜಿರಾ ಎಲ್ಲ ಕಲಿತು ಬಂದೆ. ಇಲ್ಲಿ ನೋಡಿದರೆ ಬಿಲ್ಡ್ ಮಾಡೋಕೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿಸೋಕೆ, ಅವರದೇ ಟೂಲ್, ಡಿಪ್ಲಾಯ್ ಮಾಡೋಕೆ, ಅಂದರೆ ಅದನ್ನು ಸರ್ವರಿಗೆ ಏರಿಸೋಕೆ, ಅವರದೇ ಟೂಲ್, ಟಿಕೆಟ್ ಹಾಕೋಕೂ ಅವರದೇ. ಹೊರಗೆ ಒಳ್ಳೊಳ್ಳೆ ಟೂಲ್ ಸಿಗುತ್ತವೆ, ಎಷ್ಟೋ ಪುಕ್ಕಟೆಯಾಗಿಯೇ ಸಿಗುತ್ತವೆ. ಆದರೂ ಯಾಕೆ ಹೀಗೆ ಸಾರ್? ಇದು ಬರೀ ಹಮ್ಮಾ? ನಾಳೆ ಬೇರೆ ಕಡೆ ಕೆಲಸ ಹುಡುಕುವಾಗ ಈ ಕಲಿಕೆ ಉಪಯೋಗಕ್ಕೆ ಬರುತ್ತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯ ಹಿಂದಿರುವ ಆತಂಕ ನನಗೆ ಅರ್ಥವಾಗುತ್ತದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಯಾಕೆ ಅನ್ನೋದನ್ನು ನೋಡೋಣ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಕೆಲಸದಲ್ಲಿದ್ದೇನೆ. ಕಂಪನಿಯ ಒಳಗಿನ ಬಳಕೆಗೆ ಟೂಲ್ ಕಟ್ಟಿದ್ದೇನೆ. ಬೇರೆಯವರು ಕಟ್ಟಿದ್ದನ್ನು ಕಳಚಿ ಪೇಟೆಯ ಟೂಲ್ ತಂದು ಕೂರಿಸಿದ್ದೂ ಇದೆ. ಎರಡೂ ಸರಿ ಅನ್ನಿಸಿದ ದಿನಗಳಿವೆ, ಎರಡೂ ತಪ್ಪು ಅನ್ನಿಸಿದ ದಿನಗಳೂ ಇವೆ.

ಹಮ್ಮು ಇರುವುದೇ ಇಲ್ಲ ಅಂತ ಹೇಳೋಲ್ಲ. ಇರುತ್ತದೆ. ಆದರೆ ಹೊರಗೆ ನಿಂತು ನೋಡುವವರು ಅಂದುಕೊಳ್ಳುವಷ್ಟು ಇರೋದಿಲ್ಲ. ಯಾವುದೇ ಟೂಲ್ ತಗೊಳ್ಳಿ, ಅದನ್ನು ಬರೆದವರ ತಲೆಯಲ್ಲಿ ಒಂದು ಅಂದಾಜು ಇರುತ್ತದೆ. ಬಳಸುವ ತಂಡದಲ್ಲಿ ಸುಮಾರು ಇಷ್ಟು ಜನ, ಕೋಡ್ ಇಷ್ಟು, ದಿನಕ್ಕೆ ಇಷ್ಟು ಬದಲಾವಣೆ ಅಂತ. ಆ ಅಂದಾಜು ಟೂಲಿನ ಹೊಟ್ಟೆಯಲ್ಲಿ ಸೇರಿಹೋಗಿರುತ್ತದೆ, ಹೊರಗೆ ಕಾಣಿಸೋಲ್ಲ. ನಿಮ್ಮ ಕೆಲಸ ಅದರೊಳಗೆ ಇರುವವರೆಗೆ ಟೂಲ್ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಆ ಗೆರೆ ದಾಟಿದ ದಿನ ಅದೇ ಟೂಲ್ ಕಾಲಿಗೆ ತೊಡರುತ್ತದೆ. ಎರೆ ಹೊಲದಲ್ಲಿ ಚೆನ್ನಾಗಿ ನಡೆಯುವ ನೇಗಿಲನ್ನು ಕಲ್ಲಿರುವ ಕೆಂಪು ಮಣ್ಣಿಗೆ ಹೂಡಿದರೆ ಏನಾಗುತ್ತದೆ ಅಂತ ದಾವಣಗೆರೆ ಕಡೆಯವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀವು ಕಾಲೇಜಿನಲ್ಲಿ ಕಲಿತ ಗಿಟ್ ಅನ್ನೇ ತೆಗೆದುಕೊಳ್ಳೋಣ. ಈಗ ಅದು ಎಲ್ಲರ ಟೂಲ್. ಆದರೆ ಹುಟ್ಟಿದ್ದು ಮಾತ್ರ, ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬೇಕು ಅನ್ನುವ ಇಕ್ಕಟ್ಟಿನಲ್ಲಿ.

2002ರಿಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೋಡನ್ನು ಬಿಟ್‌ಕೀಪರ್ ಅನ್ನುವ ಟೂಲಿನಲ್ಲಿ ಇಡುತ್ತಿದ್ದರು. ಅದು ಬಿಟ್‌ಮೂವರ್ ಅನ್ನುವ ಕಂಪನಿಯದು, ದುಡ್ಡಿಗೆ ಮಾರುವಂಥದ್ದು. ಕೋಡನ್ನು ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ಕೆಲಸ ಮಾಡುವವರಿಗೆ ಕೆಲವು ಷರತ್ತುಗಳ ಮೇಲೆ ಪುಕ್ಕಟೆ ಕೊಡುತ್ತಿದ್ದರು. ಆಂಡ್ರ್ಯೂ ಟ್ರಿಜೆಲ್ ಅನ್ನುವ ಪ್ರೋಗ್ರಾಮರ್, ಬಿಟ್‌ಕೀಪರ್ ಸರ್ವರ್ ಜೊತೆ ಮಾತಾಡಬಲ್ಲ ಬೇರೆ ಪ್ರೋಗ್ರಾಂ ಬರೆಯಲು ಹೊರಟರು. ಕಂಪನಿಗೆ ಅದು ಸರಿಬರಲಿಲ್ಲ. 2005ರಲ್ಲಿ ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು. ಸಾವಿರಾರು ಕಡತಗಳ ಕರ್ನಲ್, ಲೋಕದ ಮೂಲೆ ಮೂಲೆಯಲ್ಲಿ ಕೂತು ಬರೆಯುವ ಜನ, ಇದ್ದಕ್ಕಿದ್ದಂತೆ ಕೋಡ್ ಇಡೋಕೆ ಜಾಗವಿಲ್ಲ.

ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಮೊದಲು ಮಾಡಿದ್ದು ಹೊರಗೆ ಏನು ಸಿಗುತ್ತದೆ ಅಂತ ನೋಡಿದ್ದು. ಇದನ್ನು ಜನ ಮರೆತುಬಿಡುತ್ತಾರೆ. ಒಂದೊಂದನ್ನೇ ಪರೀಕ್ಷೆ ಮಾಡಿದರು. ಒಂದು ಟೂಲ್‌ನಲ್ಲಿ ಒಂದು ಪ್ಯಾಚ್, ಅಂದರೆ ಕೋಡಿನ ಒಂದು ತಿದ್ದುಪಡಿ, ಸೇರಿಸೋಕೆ 30 ಸೆಕೆಂಡ್ ಹಿಡಿಯುತ್ತಿತ್ತು. ಸಣ್ಣ ತಂಡಕ್ಕೆ 30 ಸೆಕೆಂಡ್ ಏನೂ ಅಲ್ಲ. ಆದರೆ ಟೊರ್ವಾಲ್ಡ್ಸ್ ಅವರಿಗೆ ಒಂದೇ ಸಲಕ್ಕೆ 250 ಪ್ಯಾಚ್ ಬರಬಹುದಿತ್ತು. ಲೆಕ್ಕ ಹಾಕಿ. 250 ಪ್ಯಾಚ್, ತಲಾ 30 ಸೆಕೆಂಡ್ ಅಂದರೆ ಎರಡು ಗಂಟೆಗೂ ಮೇಲೆ. ಪ್ಯಾಚ್‌ಗೆ 3 ಸೆಕೆಂಡ್‌ಗಿಂತ ಜಾಸ್ತಿ ಆಗಬಾರದು ಅನ್ನೋದು ಅವರ ಗುರಿ. ಆಗ ಅದೇ ಕೆಲಸ ಹನ್ನೆರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಸಿಕ್ಕ ಯಾವ ಪುಕ್ಕಟೆ ಟೂಲೂ ಅವರಿಗೆ ಒಗ್ಗಲಿಲ್ಲ. ಏಪ್ರಿಲ್ 3ರಂದು ಬರೆಯಲು ಕೂತರು. 6ರಂದು ಹೊರಗೆ ಹೇಳಿದರು. 7ರಂದು ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಆಗಿತ್ತು. ಜೂನ್‌ನಲ್ಲಿ ಕರ್ನಲ್‌ನ 2.6.12 ಆವೃತ್ತಿ ಗಿಟ್‌ನಿಂದಲೇ ಹೊರಬಂತು. ಮರ್ಕ್ಯೂರಿಯಲ್ ಅನ್ನುವ ಇನ್ನೊಂದು ಟೂಲ್ ಕೂಡ ಅದೇ ಏಪ್ರಿಲ್‌ನಲ್ಲಿ, ಅದೇ ಕಾರಣಕ್ಕೆ ಶುರುವಾಯಿತು.

ಈಗ ಗಿಟ್‌ನ ಹೊಟ್ಟೆಯಲ್ಲಿ ಯಾವ ಅಂದಾಜು ಕೂತಿದೆ ನೋಡಿ. ಗಿಟ್‌ನಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಕೋಡ್ ಇರುತ್ತದೆ, ಮೊದಲ ದಿನದಿಂದ ಆದ ಎಲ್ಲ ಬದಲಾವಣೆಗಳೂ ಇರುತ್ತವೆ. ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಕಂಪನಿಯ ಸಂಬಳದಲ್ಲಿ ಇರುವ ಕರ್ನಲ್ ಪ್ರೋಗ್ರಾಮರ್‌ಗಳಿಗೆ ಇದು ತುಂಬಾ ಅನುಕೂಲ. ಯಾರೂ ಯಾರ ಸರ್ವರಿಗೂ ಕಾಯಬೇಕಾಗಿಲ್ಲ. ಆದರೆ ಕೋಡು ಕರ್ನಲ್‌ಗಿಂತ ಹತ್ತಾರು ಪಟ್ಟು ದೊಡ್ಡದಾದರೆ?

ಗೂಗಲ್‌ನಲ್ಲಿ ಹಾಗೇ ಇತ್ತು. ಅವರ ಹೆಚ್ಚುಕಡಿಮೆ ಎಲ್ಲ ಕೋಡೂ ಒಂದೇ ರೆಪೊಸಿಟರಿಯಲ್ಲಿ, ಅಂದರೆ ಕೋಡಿನ ಒಂದೇ ಉಗ್ರಾಣದಲ್ಲಿ, ಇರುತ್ತದೆ. 2015ರ ಜನವರಿಯ ಲೆಕ್ಕವನ್ನು ಅವರೇ ಮುಂದೆ ಪ್ರಕಟಿಸಿದರು: 100 ಕೋಟಿ ಕಡತ, 200 ಕೋಟಿ ಸಾಲು ಕೋಡ್, 86 ಟೆರಾಬೈಟ್. ಅದರಲ್ಲಿ ಕೆಲಸ ಮಾಡುವವರು 25,000 ಜನ. ದಿನವೂ ಮನುಷ್ಯರು ಮಾಡುವ ಬದಲಾವಣೆ 16,000, ಯಂತ್ರಗಳು ತಾವಾಗಿ ಮಾಡುವುದು ಇನ್ನೂ 24,000. ಇದನ್ನು ಪ್ರತಿಯೊಬ್ಬರ ಲ್ಯಾಪ್‌ಟಾಪಿಗೆ ಪೂರ್ತಿ ಇಳಿಸೋದು ಆಗದ ಮಾತು. ಅವರು ಪೈಪರ್ ಅನ್ನುವ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡರು. ಅಲ್ಲಿ ನಿಮಗೆ ಎಲ್ಲ ಕಡತಗಳೂ ಕಾಣಿಸುತ್ತವೆ, ಆದರೆ ನೀವು ಕೈಹಾಕಿ ಬದಲಾಯಿಸಿದ ಕಡತಗಳು ಮಾತ್ರ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಸರಾಸರಿ ಹತ್ತಕ್ಕಿಂತ ಕಡಿಮೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪೈಪರ್ ಬರುವ ಮುಂಚೆ ಗೂಗಲ್ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಪರ್ಫೋರ್ಸ್ ಅನ್ನುವ ಪೇಟೆಯ ಟೂಲನ್ನೇ ಬಳಸಿತು. ಒಂದೇ ಮುಖ್ಯ ಸರ್ವರ್. ಅದರ ಸುತ್ತ, ಪದೇ ಪದೇ ಬೇಕಾದ್ದನ್ನು ಹತ್ತಿರ ಇಟ್ಟುಕೊಳ್ಳುವ ಕ್ಯಾಶಿಂಗ್ ಅನ್ನು ತಾವೇ ಒಂದಷ್ಟು ಕಟ್ಟಿಕೊಂಡು, ಎಳೆಯಬಹುದಾದಷ್ಟು ದಿನ ಎಳೆದರು. ಅಷ್ಟು ದುಡ್ಡು, ಅಷ್ಟು ಬುದ್ಧಿವಂತರು ಇರುವ ಕಂಪನಿಯೂ ಕೈಲಾದಷ್ಟು ದಿನ ಕೊಂಡ ಟೂಲಿನಲ್ಲೇ ನಡೆಸಿತು. ಸುಮ್ನೆ ಹುಮ್ಮಸ್ಸಿಗೆ ಕಟ್ಟಿದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಫೇಸ್‌ಬುಕ್‌ಗೂ ಇದೇ ತೊಂದರೆ ಬಂತು. ಅವರ ಕೋಡು ಲಿನಕ್ಸ್ ಕರ್ನಲ್‌ಗಿಂತ ಎಷ್ಟೋ ದೊಡ್ಡದಾಗಿ ಬೆಳೆದಿತ್ತು. ಗಿಟ್ ನಿಧಾನವಾಗುತ್ತಾ ಹೋಯಿತು. ರೆಪೊಸಿಟರಿಯನ್ನು ತುಂಡು ಮಾಡಿ ಅನ್ನುವ ಸಲಹೆ ಬಂತು. ಅವರಿಗೆ ಅದು ಬೇಡವಾಗಿತ್ತು. ಒಂದೇ ಕಡೆ ಇದ್ದರೆ ಒಂದು ಬದಲಾವಣೆಯನ್ನು ಎಲ್ಲ ಕಡೆ ಒಟ್ಟಿಗೆ ಮಾಡಬಹುದು ಅನ್ನೋದು ಅವರ ನಂಬಿಕೆ. ಗಿಟ್‌ನ ಒಳಭಾಗ ಬದಲಾಯಿಸುವುದು ಕಷ್ಟ ಅನ್ನಿಸಿತು. ಮರ್ಕ್ಯೂರಿಯಲ್ ಬಹುಪಾಲು ಪೈಥಾನ್‌ನಲ್ಲಿತ್ತು, ಮೇಲೆ ಜೋಡಣೆ ಹಾಕೋದು ಸುಲಭವಿತ್ತು, ಅದರ ತಂಡವೂ ಕೈಚಾಚಿ ಬರಮಾಡಿಕೊಂಡಿತು. ಹಾಗಾಗಿ ಗಿಟ್ ಬಿಟ್ಟು ಅತ್ತ ಹೋದರು. ನೂರಾರು ಪ್ಯಾಚ್ ಬರೆದು ಮರ್ಕ್ಯೂರಿಯಲ್‌ಗೇ ಕೊಟ್ಟರು. 2014ರ ಜನವರಿಯಲ್ಲಿ ಈ ಕೆಲಸವನ್ನು ವಿವರಿಸಿ ಬರೆದರು. ವರ್ಷಗಳು ಕಳೆದಂತೆ ಅವರ ದಾರಿ ಬೇರೆಯಾಯಿತು. 2022ರಲ್ಲಿ ಸ್ಯಾಪ್ಲಿಂಗ್ ಅನ್ನುವ ಹೆಸರಲ್ಲಿ ತಮ್ಮದನ್ನೇ ಹೊರಗೆ ಬಿಟ್ಟರು.

ನನಗೆ ಜಾಸ್ತಿ ಇಷ್ಟವಾದದ್ದು ಮೈಕ್ರೋಸಾಫ್ಟ್ ಹಿಡಿದ ದಾರಿ. ವಿಂಡೋಸ್ ಕೋಡು ಮೊದಲು ಸೋರ್ಸ್ ಡಿಪೊ ಅನ್ನುವ ಅವರದೇ ಒಳಗಿನ ಟೂಲಿನಲ್ಲಿತ್ತು. ನಾಲ್ಕು ಸಾವಿರದಷ್ಟು ಇಂಜಿನಿಯರ್‌ಗಳು, 35 ಲಕ್ಷ ಕಡತ, ಗಿಟ್‌ಗೆ ತಂದರೆ 300 ಗಿಗಾಬೈಟ್. ಅವರು ಒಳಗಿನ ಟೂಲ್ ಬಿಟ್ಟು ಗಿಟ್‌ಗೇ ಬರಲು ತೀರ್ಮಾನಿಸಿದರು. ಹೊಸದಾಗಿ ಸೇರುವವರಿಗೆ ಗಿಟ್ ಮೊದಲೇ ಗೊತ್ತಿರುತ್ತದೆ, ಅಲ್ವಾ? ಆದರೆ ಹಾಗೇ ತಂದಾಗ ಕೋಡ್ ಇಳಿಸಿಕೊಳ್ಳೋಕೆ 12 ಗಂಟೆಗೂ ಜಾಸ್ತಿ ಹಿಡಿಯಿತು. ಏನೇನು ಬದಲಾಗಿದೆ ಅಂತ ಕೇಳುವ 'ಗಿಟ್ ಸ್ಟೇಟಸ್' ಅನ್ನುವ ಆಜ್ಞೆಗೇ 10 ನಿಮಿಷ. ನೀವು ದಿನಕ್ಕೆ ಎಷ್ಟು ಸಲ ಅದನ್ನು ಕೊಡುತ್ತೀರಿ ನೆನಪಿಸಿಕೊಳ್ಳಿ.

ಅವರು ಹೊಸ ಗಿಟ್ ಬರೆಯಲಿಲ್ಲ. ಗಿಟ್‌ನ ಕೆಳಗೆ ಒಂದು ಪದರ ಹಾಕಿದರು. ಕಡತಗಳೆಲ್ಲ ಕಂಪ್ಯೂಟರಿನಲ್ಲೇ ಇವೆ ಅಂತ ಗಿಟ್ ಅಂದುಕೊಳ್ಳುತ್ತದೆ. ನಿಜಕ್ಕೂ ನೀವು ತೆರೆದಾಗ ಮಾತ್ರ ಆ ಕಡತ ಸರ್ವರಿನಿಂದ ಬರುತ್ತದೆ. 2017ರ ಫೆಬ್ರವರಿಯಲ್ಲಿ ಇದನ್ನು ಹೊರಗೆ ತೋರಿಸಿದರು. ಇಳಿಸಿಕೊಳ್ಳೋದು ಕೆಲವೇ ನಿಮಿಷಕ್ಕೆ ಬಂತು, ಸ್ಟೇಟಸ್ ನಾಲ್ಕೈದು ಸೆಕೆಂಡಿಗೆ. ಅಲ್ಲಿಗೇ ನಿಲ್ಲಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಉಪಾಯಗಳನ್ನು ಒಂದೊಂದಾಗಿ ಗಿಟ್‌ನ ಮೂಲ ಕೋಡಿಗೇ ಸೇರಿಸುತ್ತಾ ಬಂದರು. ಅವರ ಸ್ಕೇಲಾರ್ ಅನ್ನುವ ಟೂಲ್ 2022ರಲ್ಲಿ ಗಿಟ್ 2.38ರ ಜೊತೆಗೇ ಬಂತು. ಈಗ ದಾವಣಗೆರೆಯ ಕಾಲೇಜಿನ ಲ್ಯಾಬಿನಲ್ಲಿ ಹೊಸ ಗಿಟ್ ಹಾಕಿಕೊಂಡರೂ ಅದರೊಳಗೆ ವಿಂಡೋಸ್‌ಗಾಗಿ ಶುರುವಾದ ಈ ಕೆಲಸ ಇರುತ್ತದೆ.

ಒಂದೇ ತೊಂದರೆ, ಮೂರು ಕಂಪನಿ, ಮೂರು ದಾರಿ. ಒಬ್ಬರು ಬುಡದಿಂದ ಕಟ್ಟಿದರು. ಒಬ್ಬರು ಬೇರೆಯವರದನ್ನು ಹಿಡಿದು ತಿದ್ದುತ್ತಾ ತಿದ್ದುತ್ತಾ ತಮ್ಮದಾಗಿಸಿಕೊಂಡರು. ಇನ್ನೊಬ್ಬರು ಒಳಗಿನ ಟೂಲನ್ನೇ ಬಿಟ್ಟು ಎಲ್ಲರ ಟೂಲಿಗೆ ಬಂದು, ಅದನ್ನು ತಮ್ಮ ಅಳತೆಗೆ ಹಿಗ್ಗಿಸಿದರು. ನಿಮ್ಮ ಕಂಪನಿಯ ಟೂಲುಗಳಲ್ಲೂ ಈ ಮೂರೂ ಬಗೆ ಕಲಸಿಕೊಂಡಿರಬಹುದು. ಹೊರಗಿನ ಹೆಸರು ನಮ್ಮದೇ ಟೂಲ್ ಅಂತಿದ್ದರೂ ಒಳಗೆ ಬಗೆದು ನೋಡಿದರೆ ಜೆಂಕಿನ್ಸ್ ಕೂತಿರೋದು ಅಪರೂಪವೇನಲ್ಲ.

ಇನ್ನೊಂದು ಕಾರಣ ತುಂಬಾ ಸರಳ, ಆದರೆ ಹೊಸಬರಿಗೆ ಹೊಳೆಯೋದಿಲ್ಲ. ನಿಮ್ಮ ಕಂಪನಿ ಟೂಲ್ ಮಾಡಿಕೊಂಡಾಗ ಪೇಟೆಯಲ್ಲಿ ಅಂಥದ್ದು ಇರಲೇ ಇಲ್ಲದಿರಬಹುದು. ಗೂಗಲ್ ಒಳಗೆ ಬೋರ್ಗ್ ಅನ್ನುವ ವ್ಯವಸ್ಥೆ ಸಾವಿರಾರು ಯಂತ್ರಗಳ ಮೇಲೆ ಕೆಲಸ ಹಂಚುತ್ತಿದ್ದ ಕಾಲಕ್ಕೆ, ಈಗ ಅಂಥ ಕೆಲಸಕ್ಕೆ ಹೊರಗೆ ಸಿಗುವ ಕುಬರ್ನೆಟೀಸ್ ಹುಟ್ಟಿರಲಿಲ್ಲ. ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದರ ಜೊತೆ ಕಟ್ಟಿ ಓಡಿಸುವ ಡಾಕರ್ ಬಂದದ್ದು 2013ರಲ್ಲಿ, ಕುಬರ್ನೆಟೀಸ್ 2014ರಲ್ಲಿ. ಬ್ಲೇಜ್ ಅನ್ನುವ ಬಿಲ್ಡ್ ಟೂಲ್ ಕೂಡ ಗೂಗಲ್‌ನ ಒಳಗೇ ಇತ್ತು. ಅಲ್ಲಿಂದ ಬಿಟ್ಟು ಬಂದವರಿಗೆ ಹೊರಗೆ ಅಂಥದ್ದು ಸಿಗಲಿಲ್ಲ. ಟ್ವಿಟರ್‌ಗೆ ಹೋದವರು ಪ್ಯಾಂಟ್ಸ್ ಮಾಡಿದರು, ಫೇಸ್‌ಬುಕ್‌ಗೆ ಹೋದವರು ಬಕ್ ಮಾಡಿದರು. ಗೂಗಲ್ ತನ್ನದನ್ನು ಬೇಜಲ್ ಅನ್ನುವ ಹೆಸರಲ್ಲಿ ಹೊರಗೆ ಬಿಟ್ಟದ್ದು 2015ರಲ್ಲಿ, ಅವೆರಡೂ ಆದ ಮೇಲೆ. ಇವತ್ತು ನೋಡುವವರಿಗೆ ಮೂರು ಕಂಪನಿ ಒಂದೇ ಕೆಲಸಕ್ಕೆ ಮೂರು ಟೂಲ್ ಮಾಡಿದ ಹಾಗೆ ಕಾಣುತ್ತದೆ. ಅವರವರ ವರ್ಷದಲ್ಲಿ ನಿಂತು ನೋಡಿದರೆ ಪ್ರತಿಯೊಬ್ಬರಿಗೂ ಅದು ಬೇಕೇ ಇತ್ತು.

ದುಡ್ಡಿನ ಮಾತೂ ಇದೆ. ಪೇಟೆಯ ಎಷ್ಟೋ ಟೂಲುಗಳಿಗೆ ತಲೆಗಿಷ್ಟು ಅಂತ ಬೆಲೆ. ಉದಾಹರಣೆಗೆ ತಿಂಗಳಿಗೆ ತಲೆಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. 50 ಜನರಿಗೆ 40,000 ರೂಪಾಯಿ. ಯಾರೂ ಎರಡನೇ ಸಲ ಯೋಚನೆ ಮಾಡೋಲ್ಲ. 3,000 ಜನ ಆದಾಗ ತಿಂಗಳಿಗೆ 24 ಲಕ್ಷ, ವರ್ಷಕ್ಕೆ 2 ಕೋಟಿ 88 ಲಕ್ಷ. ಅಷ್ಟಕ್ಕೆ ಬೆಂಗಳೂರಿನಲ್ಲಿ ಒಂದು ಸಣ್ಣ ತಂಡವನ್ನೇ ಇಟ್ಟುಕೊಳ್ಳಬಹುದು ಅಂತ ಯಾರಿಗಾದರೂ ಅನ್ನಿಸೋದು ಸಹಜ.

ಕೈ ಕೊಡುವ ಭಯವೂ ಸುಳ್ಳಲ್ಲ. ಮೊಬೈಲ್ ಆ್ಯಪ್‌ಗಳಿಗೆ ಹಿಂಬದಿಯ ಸರ್ವರ್ ಕೊಡುತ್ತಿದ್ದ ಪಾರ್ಸ್ ಅನ್ನುವ ಸೇವೆಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. 2016ರ ಜನವರಿಯಲ್ಲಿ ಮುಚ್ಚುತ್ತೇವೆ ಅಂತ ಹೇಳಿತು. ಅದನ್ನು ನಂಬಿದ್ದವರ ಕೈಯಲ್ಲಿ ಉಳಿದದ್ದು ಒಂದು ವರ್ಷ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ, ಸರ್ವರುಗಳನ್ನು ಕೋಡ್ ಬರೆದು ಸಜ್ಜು ಮಾಡುವ ಟೆರಾಫಾರ್ಮ್ ಅನ್ನುವ ಟೂಲಿನ ಲೈಸೆನ್ಸ್ ಬದಲಾಯಿಸಿದಾಗಲೂ ಎಷ್ಟೋ ತಂಡಗಳು ಕಂಗಾಲಾದವು. ಆದರೆ ಈ ಭಯಕ್ಕೆ ಬುಡದಿಂದ ಕಟ್ಟೋದೊಂದೇ ಮದ್ದು ಅಂತ ನಾನು ಒಪ್ಪೋಲ್ಲ. ಪಾರ್ಸ್ ಮುಚ್ಚುವಾಗ ಅದರ ಸರ್ವರ್ ಕೋಡನ್ನು ಹೊರಗೆ ಬಿಟ್ಟರು, ಜನ ತಮ್ಮ ಯಂತ್ರದಲ್ಲಿ ನಡೆಸಿಕೊಂಡರು. ಟೆರಾಫಾರ್ಮ್‌ನ ಹಳೆಯ ಕೋಡಿನಿಂದ ಓಪನ್‌ಟೋಫು ಅನ್ನುವ ಓಪನ್ ಸೋರ್ಸ್ ಟೂಲ್ ಕವಲೊಡೆಯಿತು. ಕೋಡ್ ನಮ್ಮ ಕೈಗೆ ಸಿಗುವಂತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಇಷ್ಟೆಲ್ಲ ಅಮೆರಿಕದ ದೊಡ್ಡ ಕಂಪನಿಗಳ ಕಥೆ ಆಯಿತು. ಬೆಂಗಳೂರಿನದೇ ಒಂದು ಹೇಳುತ್ತೇನೆ. ನಿಮಗೆ ಇದೇ ಜಾಸ್ತಿ ಹತ್ತಿರ.

ಝೆರೋಧಾ ಷೇರು ವ್ಯವಹಾರದ ಕಂಪನಿ. ಷೇರು ಕೊಂಡು ಮಾರಿದ ಪ್ರತಿ ಗ್ರಾಹಕರಿಗೂ ಕಾಂಟ್ರ್ಯಾಕ್ಟ್ ನೋಟ್ ಅನ್ನುವ ಲೆಕ್ಕದ ಚೀಟಿ ಹೋಗಬೇಕು. ಡಿಜಿಟಲ್ ಸಹಿ ಇರಬೇಕು. ನಿಯಮದ ಪ್ರಕಾರ 24 ಗಂಟೆಯೊಳಗೆ ತಲುಪಬೇಕು. ದಿನಕ್ಕೆ 15 ಲಕ್ಷಕ್ಕೂ ಜಾಸ್ತಿ ಪಿಡಿಎಫ್. ಮೊದಲು ಅವರು ಕ್ರೋಮ್ ಬ್ರೌಸರನ್ನು ಹಿನ್ನೆಲೆಯಲ್ಲಿ ಓಡಿಸಿ, ವೆಬ್ ಪುಟವನ್ನು ಪಿಡಿಎಫ್ ಮಾಡುತ್ತಿದ್ದರು. ಎಲ್ಲರೂ ಮೊದಲು ಹಾಗೇ ಮಾಡೋದು, ತಪ್ಪೇನಿಲ್ಲ. ಗ್ರಾಹಕರು ಹೆಚ್ಚಾದಂತೆ ಈ ಕೆಲಸ ದಿನಕ್ಕೆ ಏಳೆಂಟು ಗಂಟೆ ತಿನ್ನತೊಡಗಿತು. ಬ್ರೌಸರ್ ಇರೋದು ಮನುಷ್ಯರು ಪುಟ ನೋಡೋಕೆ. 15 ಲಕ್ಷ ಪಿಡಿಎಫ್ ಅಚ್ಚು ಹಾಕೋಕೆ ಅದನ್ನು ಯಾರೂ ಮಾಡಿರಲಿಲ್ಲ. ಮತ್ತೆ ಅದೇ ಅಂದಾಜಿನ ಮಾತು.

ಅವರು ಮಾಡಿದ್ದನ್ನು 2024ರಲ್ಲಿ ತಾವೇ ವಿವರವಾಗಿ ಬರೆದಿದ್ದಾರೆ. ನಾನು ಅದನ್ನು ಹೊಸಬರಿಗೆಲ್ಲ ತೋರಿಸುತ್ತೇನೆ. ಅಕ್ಷರ ಜೋಡಿಸೋಕೆ ಬ್ರೌಸರ್ ಬಿಟ್ಟು ಮೊದಲು ಲೇಟೆಕ್ ಅನ್ನುವ ಟೂಲಿಗೆ ಹೋದರು. ಸಾವಿರಾರು ಪುಟದ ನೋಟ್ ಬಂದಾಗ ಅದು ಏದುಸಿರು ಬಿಟ್ಟಿತು. ಆಮೇಲೆ ಟೈಪ್ಸ್ಟ್ ಅನ್ನುವ ಹೊಸ ಟೂಲ್ ಹಿಡಿದರು. 2,000 ಪುಟದ ನೋಟ್‌ಗೆ ಲೇಟೆಕ್ 18 ನಿಮಿಷ ತೆಗೆದುಕೊಂಡರೆ ಟೈಪ್ಸ್ಟ್‌ಗೆ ಸುಮಾರು ಒಂದು ನಿಮಿಷ ಸಾಕಾಯಿತು. ಯಂತ್ರಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚೋಕೆ ನೋಮ್ಯಾಡ್. ಮೇಲ್ ಕಳಿಸೋಕೆ ಹರಾಕಾ. ಇವೆಲ್ಲ ಬೇರೆಯವರದು. ಕೆಲಸವನ್ನು ತುಂಡು ಮಾಡಿ ಹಂಚುವ ಟಾಸ್ಕ್ಯೂ ಅನ್ನುವ ಸಣ್ಣ ಲೈಬ್ರರಿ ಮಾತ್ರ ಅವರೇ ಗೋ ಭಾಷೆಯಲ್ಲಿ ಬರೆದುಕೊಂಡದ್ದು. ಸಹಿ ಹಾಕೋಕೂ ಸಿಕ್ಕ ಜಾವಾ ಲೈಬ್ರರಿ ಬಳಸಿ ಒಂದು ಪುಟ್ಟ ಪ್ರೋಗ್ರಾಂ ಮಾಡಿಕೊಂಡರು. ಅವರು ಬರೆಯುವ ಹೊತ್ತಿಗೆ ಪೂರ್ತಿ ಕೆಲಸ ಸುಮಾರು 25 ನಿಮಿಷಕ್ಕೆ ಇಳಿದಿತ್ತು.

ಎಲ್ಲಿ ಕಟ್ಟಿದರು, ಎಲ್ಲಿ ಕಟ್ಟಲಿಲ್ಲ ಅಂತ ನೋಡಿದಿರಾ? ಬೆರಳೆಣಿಕೆಯಷ್ಟು ಜಾಗದಲ್ಲಿ, ತಮ್ಮ ಕೆಲಸ ಎಲ್ಲರ ಕೆಲಸಕ್ಕಿಂತ ಬೇರೆಯಾಗುವ ಕೀಲುಗಳಲ್ಲಿ ಮಾತ್ರ ಕಟ್ಟಿದರು. ಮಿಕ್ಕದ್ದನ್ನು ಬೇರೆಯವರಿಂದ ತಂದರು. ಅದೇ ಕಂಪನಿಯ ಕೈಲಾಶ್ ನಾಧ್ 2019ರಲ್ಲಿ ಹೊರಗೆ ಬಿಟ್ಟ ಲಿಸ್ಟ್‌ಮಾಂಕ್ ಅನ್ನುವ ಮೇಲಿಂಗ್ ಲಿಸ್ಟ್ ಟೂಲಿನ ಕಥೆಯೂ ಹೀಗೇ. ಮೊದಲು ಪಿಎಚ್‌ಪಿಲಿಸ್ಟ್ ಅನ್ನುವ ಓಪನ್ ಸೋರ್ಸ್ ಟೂಲ್ ಬಳಸುತ್ತಿದ್ದರು. ಲಕ್ಷಗಟ್ಟಲೆ ಗ್ರಾಹಕರಿಗೆ ಮೇಲ್ ಹೋಗಬೇಕಾದಾಗ ಅದು ಸಾಕಾಗಲಿಲ್ಲ. ಬರೆದ ಮೇಲೆ ಕೋಡನ್ನು ಎಲ್ಲರಿಗೂ ಬಿಟ್ಟರು. ಈಗ ಆ ಕಂಪನಿಗೆ ಸಂಬಂಧವೇ ಇಲ್ಲದ ಎಷ್ಟೋ ಜನ ಅದನ್ನು ಬಳಸುತ್ತಾರೆ, ತಿದ್ದುತ್ತಾರೆ.

ಈಗ ನೀವು ಕೇಳಿದ ಹಮ್ಮಿನ ಮಾತು. ಹಮ್ಮು ಅನ್ನೋದಕ್ಕಿಂತ ನಾನು ಅದನ್ನು ಆಸೆ ಅನ್ನುತ್ತೇನೆ. ಹೊಸದನ್ನು ಕಟ್ಟುವ ಆಸೆ ನಮ್ಮ ಕಸುಬಿನವರಲ್ಲಿ ಜಾಸ್ತಿ. ಕಂಪನಿಗಳು ಅದಕ್ಕೆ ನೀರೆರೆಯುತ್ತವೆ. ಇದ್ದ ಟೂಲನ್ನು ಚೆನ್ನಾಗಿ ಹೊಂದಿಸಿ ಆರು ತಿಂಗಳ ಕೆಲಸ ಉಳಿಸಿದವರಿಗಿಂತ, ಆರು ತಿಂಗಳು ಕೂತು ಹೊಸ ಟೂಲ್ ಬರೆದವರಿಗೆ ಅಪ್ರೈಸಲ್‌ನಲ್ಲಿ ಒಳ್ಳೆಯ ಮಾತು ಸಿಗೋದನ್ನು ಹಲವು ಸಲ ಕಂಡಿದ್ದೇನೆ. ಇದು ಅನ್ಯಾಯ. ಅಂಥ ಕಡೆ ಒಂದು ಮಾತು ಪದೇ ಪದೇ ಕೇಳಿಸುತ್ತದೆ: 'ನಮ್ಮ ಕೇಸೇ ಬೇರೆ.' ಕೆಲವೊಮ್ಮೆ ಅದು ನಿಜ. ಬಹಳ ಸಲ ಯಾರೂ ಪೇಟೆಯ ಟೂಲನ್ನು ಒಂದು ವಾರವೂ ಬಳಸಿ ನೋಡಿರೋದಿಲ್ಲ. ಟೊರ್ವಾಲ್ಡ್ಸ್ ಅವರ 30 ಸೆಕೆಂಡಿನಂಥ ಒಂದು ಲೆಕ್ಕ ಕೇಳಿ. ಹೇಳಲು ಬಾರದಿದ್ದರೆ ಅಲ್ಲಿ ಅಳತೆ ಆಗಿಲ್ಲ ಅಂತಲೇ ಅರ್ಥ.

ನನ್ನನ್ನು ತುಂಬಾ ಕಾಡುವುದು ಇದಾದ ಮೇಲಿನ ಭಾಗ. ಹಸು ಕೊಳ್ಳೋದು ಒಂದು ದಿನದ ಕೆಲಸ. ಮೇವು ಹಾಕೋದು, ಕೊಟ್ಟಿಗೆ ಗುಡಿಸೋದು ದಿನದಿನದ್ದು. ಹಬ್ಬ ಅಂತ ಅದು ಬಿಡೋಲ್ಲ. ಗಿಟ್‌ನ ಕಥೆಯಲ್ಲೂ ಜನರ ಬಾಯಲ್ಲಿರೋದು ಏಪ್ರಿಲ್‌ನ ಆ ಕೆಲವು ದಿನಗಳು. ಟೊರ್ವಾಲ್ಡ್ಸ್ ಅದೇ ವರ್ಷ ಜುಲೈನಲ್ಲಿ ಗಿಟ್ ನೋಡಿಕೊಳ್ಳುವ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಅಲ್ಲಿಂದ ಇಲ್ಲಿಯವರೆಗೆ, ಇಪ್ಪತ್ತು ವರ್ಷ, ಬಂದ ಪ್ಯಾಚ್‌ಗಳನ್ನು ನೋಡುತ್ತಾ, ಸೇರಿಸುತ್ತಾ, ಬಿಡುಗಡೆ ಮಾಡುತ್ತಾ ಬಂದವರು ಅವರು. ಗಿಟ್ ಉಳಿದದ್ದು ಆ ಇಪ್ಪತ್ತು ವರ್ಷಗಳಿಂದ. ಅಂಥ ಒಬ್ಬರು ಸಿಗದ ಟೂಲುಗಳ ಹೆಸರು ನಮಗೆ ಗೊತ್ತೂ ಇಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಡಿಪ್ಲಾಯ್ ಟೂಲನ್ನು ಒಬ್ಬರೇ ಬರೆದಿದ್ದರು. ತುಂಬಾ ಚೆನ್ನಾಗಿತ್ತು. ಒಂದು ಬಟನ್ ಒತ್ತಿದರೆ ಮುಗಿಯಿತು. ಅವರು ಕೆಲಸ ಬಿಟ್ಟು ಹೋದರು. ಟೂಲ್ ಓಡುತ್ತಲೇ ಇತ್ತು, ಹಾಗಾಗಿ ಯಾರೂ ಅದರ ಬಗ್ಗೆ ಯೋಚನೆ ಮಾಡಲಿಲ್ಲ. ಒಂದು ಶುಕ್ರವಾರ ರಾತ್ರಿ ಅದರೊಳಗಿನ, ಗುರುತು ಖಾತ್ರಿ ಮಾಡುವ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿಯಿತು. ಹಣ ಪಾವತಿಯ ಭಾಗದಲ್ಲಿ ಒಂದು ತಪ್ಪು ಸರಿಮಾಡಿ ಇಟ್ಟುಕೊಂಡಿದ್ದೆವು, ಸರ್ವರಿಗೆ ಏರಿಸಲು ದಾರಿಯಿಲ್ಲ. ಆ ಸರ್ಟಿಫಿಕೇಟ್ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ದಾಖಲೆ ಒಂದು ಪುಟವೂ ಇರಲಿಲ್ಲ. ಬೆಳಗಾಗುವವರೆಗೆ ಕೋಡ್ ಓದುತ್ತಾ ಕೂತೆವು. ಅದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಅವರಾದ ಮೇಲೆ ಯಾರು ನೋಡಿಕೊಳ್ಳಬೇಕು ಅಂತ ನಾವು ಉಳಿದವರು ಕೇಳಲಿಲ್ಲ.

ಕಟ್ಟಿದ್ದನ್ನು ಬಿಡುವ ಧೈರ್ಯವೂ ಬೇಕು. ಒಂದು ಸೇವೆ ಕೆಟ್ಟರೆ ಉಳಿದವು ಅದರ ಜೊತೆ ಬೀಳದಂತೆ ತಡೆಯುವ ಹಿಸ್ಟ್ರಿಕ್ಸ್ ಅನ್ನುವ ಲೈಬ್ರರಿಯನ್ನು ನೆಟ್‌ಫ್ಲಿಕ್ಸ್ 2012ರಲ್ಲಿ ಎಲ್ಲರಿಗೂ ಬಿಟ್ಟಿತ್ತು. ಲೋಕವೆಲ್ಲ ಬಳಸಿತು. 2018ರಲ್ಲಿ ಅವರೇ, ಇನ್ನು ಇದನ್ನು ಬೆಳೆಸುವುದಿಲ್ಲ, ಹೊಸ ಕೆಲಸಕ್ಕೆ ರೆಸಿಲಿಯನ್ಸ್4ಜೆ ಥರದ್ದನ್ನು ಬಳಸುತ್ತೇವೆ ಅಂತ ಹೇಳಿದರು. ಅದು ಅವರದ್ದಲ್ಲ, ಬೇರೆಯವರು ಬರೆದದ್ದು. ನಾನು ಆ ಕಂಪನಿಯ ಬಗ್ಗೆ ಗೌರವ ಇಟ್ಟುಕೊಂಡದ್ದು ಹಿಸ್ಟ್ರಿಕ್ಸ್ ಕಟ್ಟಿದ್ದಕ್ಕೆ ಎಷ್ಟೋ ಅಷ್ಟೇ ಈ ತೀರ್ಮಾನಕ್ಕೂ.

ಇನ್ನು ನಿಮ್ಮ ಕೆಲಸದ ಭವಿಷ್ಯ. ಒಳಗಿನ ಟೂಲಿನ ಬಟನ್ ಎಲ್ಲಿದೆ ಅನ್ನೋದು ಬೇರೆ ಕಂಪನಿಯಲ್ಲಿ ಯಾರಿಗೂ ಬೇಡ. ಅದಂತೂ ನಿಜ. ಆದರೆ ಅದು ಯಾವ ತೊಂದರೆಗೆ ಹುಟ್ಟಿತು ಅನ್ನೋದು ಎಲ್ಲ ಕಡೆ ಬೇಕು. ನಾನು ಇಂಟರ್ವ್ಯೂ ಮಾಡುವಾಗ ಜೆಂಕಿನ್ಸ್ ಗೊತ್ತಾ ಅಂತ ಕೇಳೋಲ್ಲ. ಅದನ್ನು ಎರಡು ವಾರದಲ್ಲಿ ಕಲಿಯಬಹುದು. 'ನಮ್ಮಲ್ಲಿ ಮುನ್ನೂರು ಸೇವೆಗಳಿದ್ದವು, ಒಟ್ಟಿಗೆ ಬಿಲ್ಡ್ ಮಾಡಿದರೆ ಒಂದು ಗಂಟೆ ಹಿಡಿಯುತ್ತಿತ್ತು, ಬದಲಾದದ್ದನ್ನು ಮಾತ್ರ ಮಾಡಲು ಹೀಗೆ ಮಾಡಿಕೊಂಡಿದ್ದರು, ಅದರಲ್ಲಿ ಈ ಕೊರತೆ ಇತ್ತು' ಅಂತ ಹೇಳುವ ಹುಡುಗ ಹುಡುಗಿಯರು ಸಿಕ್ಕರೆ ಖುಷಿಯಾಗುತ್ತದೆ. ಲಿಂಕ್ಡ್‌ಇನ್‌ನ ಒಳಗಿನ ಬಳಕೆಗೆ, ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ಕಾಫ್ಕಾ ಅನ್ನುವ ಟೂಲ್ ಬರೆದವರು 2011ರಲ್ಲಿ ಅದನ್ನು ಹೊರಗೆ ಬಿಟ್ಟರು, 2014ರಲ್ಲಿ ಅದನ್ನೇ ಹಿಡಿದು ಕಾನ್‌ಫ್ಲುಯೆಂಟ್ ಅನ್ನುವ ಕಂಪನಿ ಕಟ್ಟಿದರು. ಎಲ್ಲರಿಗೂ ಹಾಗಾಗೋಲ್ಲ. ಆದರೆ ಒಳಗಿನ ಟೂಲಿನ ಹತ್ತಿರ ಕೆಲಸ ಮಾಡಿದವರಿಗೆ ಒಂದು ವ್ಯವಸ್ಥೆಯ ಕೀಲುಗಳು ಕಾಣುತ್ತವೆ. ತಯಾರಾದ ಟೂಲನ್ನೇ ಬಳಸಿದವರಿಗೆ ಅದು ಅಷ್ಟು ಸುಲಭವಾಗಿ ಕಾಣೋಲ್ಲ.

ಜೊತೆಗೆ ಮನೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಇಟ್ಟುಕೊಳ್ಳಿ. ಪೇಟೆಯ ಟೂಲುಗಳ ಮೇಲೆ ಕೈ ಆಡುತ್ತಿರಲಿ. ವಾರಕ್ಕೆ ಎರಡು ಗಂಟೆ ಸಾಕು.

ಆಫೀಸಿನಲ್ಲಿ ಒಂದು ಕೆಲಸ ಮಾಡಿ. ಆ ಡಿಪ್ಲಾಯ್ ಟೂಲಿನ ಕೋಡ್ ತೆರೆದು ಮೊದಲ ಕಮಿಟ್, ಅಂದರೆ ದಾಖಲಾದ ಮೊದಲ ಬದಲಾವಣೆ, ಯಾವ ವರ್ಷದ್ದು ನೋಡಿ. ಕೊನೆಯ ಕಮಿಟ್ ಯಾರದು ನೋಡಿ. ಅವರು ಇನ್ನೂ ಅಲ್ಲೇ ಇದ್ದರೆ ಒಂದು ದಿನ ಟೀ ಕುಡಿಯುತ್ತಾ ಕೇಳಿ: ಆಗ ಏನು ಕಷ್ಟವಿತ್ತು, ಏನೇನು ಬಳಸಿ ನೋಡಿದಿರಿ, ಇವತ್ತು ಶುರು ಮಾಡುವುದಾದರೆ ಇದನ್ನೇ ಕಟ್ಟುತ್ತಿದ್ದಿರಾ ಅಂತ. ಹಳೆಯ ಇಂಜಿನಿಯರ್‌ಗಳು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ, ಯಾಕೆಂದರೆ ಅವರನ್ನು ಯಾರೂ ಕೇಳಿರೋದಿಲ್ಲ. ಅವರು ಹೇಳಿದ್ದನ್ನು ಬರೆದು ಟೂಲಿನ ದಾಖಲೆಗೆ ಸೇರಿಸಿ. ಆ ವರ್ಷ ಯಾವುದು ಅಂತ ನನಗೂ ಬರೆಯಿರಿ. ಆಗ ಪೇಟೆಯಲ್ಲಿ ಏನೇನು ಸಿಗುತ್ತಿತ್ತು ಅಂತ ಇಬ್ಬರೂ ಕೂತು ನೋಡೋಣ.